ಸೋತವರ ಮುಖ, ಗೆದ್ದವರ ಗೆರೆ: ಹೈದರ್ ಮನೆತನದ ರೇಖಾಚಿತ್ರಗಳು ಹೇಳುವುದೇನು?

ಬಂಗಾರಪೇಟೆ: ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರ್ ಅಲಿಯ ಜನ್ಮಸ್ಥಳ. ಆತನ ತಂದೆ ಫತೇ ಮಹಮದ್‌ನ ಸಮಾಧಿ ಇರುವುದು ಕೋಲಾರದಲ್ಲಿ. 1782ರ ಡಿಸೆಂಬರ್‌ನಲ್ಲಿ ಚಿತ್ತೂರು ಸಮೀಪ ಹೈದರ್ ನಿಧನನಾದಾಗ ಪಾರ್ಥಿವ ಶರೀರವನ್ನು ಮೊದಲು ತಂದದ್ದೂ ಕೋಲಾರಕ್ಕೇ. ಆದರೆ ಈ ಮನೆತನದವರ ಚಿತ್ರಗಳನ್ನು ಕಾಣಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು.

ಅಲ್ಲಿನ ಬೃಹತ್ ಯುದ್ಧಚಿತ್ರಗಳ ಮುಂದೆ ಜನ ನಿಲ್ಲುತ್ತಾರೆ. ಟಿಪ್ಪುವಿನ ಮಕ್ಕಳು ಹಾಗೂ ಆಸ್ಥಾನಿಕರ ಸಣ್ಣ ಪೆನ್ಸಿಲ್ ರೇಖಾಚಿತ್ರಗಳನ್ನು ಮಾತ್ರ ಒಮ್ಮೆ ನೋಡಿ ಮುಂದೆ ಸಾಗುವವರೇ ಹೆಚ್ಚು. ಆದರೆ ಇತಿಹಾಸದ ಸಾಕ್ಷ್ಯವಾಗಿ ಹೆಚ್ಚು ತೂಕವಿರುವುದು ಈ ಗೆರೆಗಳಿಗೇ.

ಕಂಡು ಬರೆದದ್ದು

ಇಂಥ ಚಿತ್ರಗಳನ್ನು ಬರೆದವರಲ್ಲಿ ಪ್ರಮುಖನಾದವನು ಐರ್ಲೆಂಡ್‌ನ ಥಾಮಸ್ ಹಿಕ್ಕಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ ಯುದ್ಧವನ್ನು ಕುರಿತು ಏಳು ದೊಡ್ಡ ವರ್ಣಚಿತ್ರಗಳನ್ನು ರಚಿಸುವ ಯೋಜನೆ ಆತನದಾಗಿತ್ತು. ಅನೇಕ ವ್ಯಕ್ತಿಗಳಿರುವ ದೃಶ್ಯವನ್ನು ಕಲಾವಿದ ಒಮ್ಮೆಲೇ ಬರೆಯುವುದಿಲ್ಲ. ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬೇರೆ ಬೇರೆ ಹಾಳೆಗಳಲ್ಲಿ ಮುಖವನ್ನು ಗುರುತಿಸಿಕೊಂಡು, ಅನಂತರ ಅವನ್ನು ಒಂದೇ ದೃಶ್ಯದಲ್ಲಿ ಜೋಡಿಸುತ್ತಾನೆ. ಹಿಕ್ಕಿಯೂ ಹಾಗೆಯೇ ಯುದ್ಧಕ್ಕೆ ಸಂಬಂಧಿಸಿದವರ ಹತ್ತಾರು ರೇಖಾಚಿತ್ರಗಳನ್ನು ಸಿದ್ಧಪಡಿಸಿಕೊಂಡ. ಏಳು ವರ್ಣಚಿತ್ರಗಳು ಕೈಗೂಡಲಿಲ್ಲ. ಸಿದ್ಧತೆಯ ಹಾಳೆಗಳು ಉಳಿದವು.

ವೆಲ್ಲೂರಿನ ಕೋಟೆಯಲ್ಲಿ ಸೆರೆಯಲ್ಲಿದ್ದ ಟಿಪ್ಪುವಿನ ಮಕ್ಕಳನ್ನೂ ಹಿಕ್ಕಿ ಚಿತ್ರಿಸಿದ. 1806ರ ಜುಲೈನಲ್ಲಿ ವೆಲ್ಲೂರು ದಂಗೆ ನಡೆದ ನಂತರ ರಾಜಕುಮಾರರನ್ನು ಕಲ್ಕತ್ತಾಕ್ಕೆ ಕಳುಹಿಸಲಾಯಿತು. ಹೀಗಾಗಿ ಆ ಮುಖಗಳು ನಮಗೆ ದೊರೆತಿರುವುದು ಬಹುಮಟ್ಟಿಗೆ ಗೆದ್ದವರ ಕಡೆಯ ಕಲಾವಿದರ ಕೈಯಿಂದ.

ಕೇಳಿ ಬರೆದದ್ದು

ಇದಕ್ಕೆ ವ್ಯತಿರಿಕ್ತವಾದುದು ಅದೇ ದರಿಯಾ ದೌಲತ್‌ನಲ್ಲಿರುವ, ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕುರಿತ ರಾಬರ್ಟ್ ಕೆರ್ ಪೋರ್ಟರ್‌ನ ತೈಲಚಿತ್ರ. 1777ರಲ್ಲಿ ಜನಿಸಿದ ಪೋರ್ಟರ್ ಆ ಯುದ್ಧವನ್ನು ಕಂಡವನೇ ಅಲ್ಲ. ಇದೇ ವಿಷಯದ ಸುಮಾರು 120 ಅಡಿ ಉದ್ದದ ಚಿತ್ರವನ್ನು ಆತ 1800ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ. ಅದು ಮುಂದೆ ಬೆಂಕಿಗೆ ಆಹುತಿಯಾಯಿತು. ಅಲ್ಲಿದ್ದ ನೂರಾರು ಸೈನಿಕರು ಕೇಳಿದ ವರದಿಗಳಿಂದ ಮೂಡಿದವರು. ವಿಜಯೋತ್ಸವದ ಉತ್ಸಾಹವನ್ನು ಅದು ತೋರಿಸಬಲ್ಲುದು, ಸತ್ತವನ ಮುಖವನ್ನಲ್ಲ.

ಗೋಡೆಯ ಮೇಲಿನ ಪೊಲ್ಲಿಲೂರು ಕದನದ ಚಿತ್ರ ಮೂರನೆಯ ಬಗೆಯದು. 1780ರಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷ್ ಪಡೆಯನ್ನು ಸೋಲಿಸಿದ ಈ ಪ್ರಸಂಗವನ್ನು ಟಿಪ್ಪುವೇ ಬರೆಯಿಸಿದ್ದ. ಇಲ್ಲಿ ಗೆಲುವು ನಮ್ಮವರದು. ಆದರೆ 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳ ಆದೇಶದಂತೆ ಇದಕ್ಕೆ ಮತ್ತೆ ಬಣ್ಣ ಹಚ್ಚಲಾಗಿದ್ದು, ಮೂಲದ ಗೆರೆ ಎಷ್ಟು ಉಳಿದಿದೆ ಎಂದು ಹೇಳುವುದು ಸುಲಭವಲ್ಲ.

ಗೆರೆಯ ಮಿತಿ

ಈ ವ್ಯತ್ಯಾಸ ನಮ್ಮ ನಾಡಿಗಷ್ಟೇ ಸೀಮಿತವಲ್ಲ. 1877ರ ಯುದ್ಧದಲ್ಲಿ ರುಮೇನಿಯಾದ ಕಲಾವಿದ ನಿಕೊಲಾಯ್ ಗ್ರಿಗೊರೆಸ್ಕು ಸೇನೆಯ ಜತೆ ತೆರಳಿ ಸೈನಿಕರನ್ನೂ ಸೆರೆಯಾಳುಗಳನ್ನೂ ಸ್ಥಳದಲ್ಲೇ ಚಿತ್ರಿಸಿಕೊಂಡ. ಸ್ಮರ್ದಾನ್ ದಾಳಿಯನ್ನು ಕುರಿತ ಆತನ ಪ್ರಸಿದ್ಧ ವರ್ಣಚಿತ್ರ ಪೂರ್ಣಗೊಂಡದ್ದು ವರ್ಷಗಳ ನಂತರ.

ಹಾಗೆಂದು ರೇಖಾಚಿತ್ರ ನಿಷ್ಪಕ್ಷಪಾತವೆಂದು ಭಾವಿಸಬೇಕಿಲ್ಲ. ಯಾರನ್ನು ಬರೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ನಿರ್ಧರಿಸಿದವನು ಗೆದ್ದವನೇ. ಆದರೂ ಎದುರಿಗೆ ಒಬ್ಬ ಮನುಷ್ಯ ಕುಳಿತಿದ್ದ ಎಂಬುದಷ್ಟು ಅದರಲ್ಲಿ ನಿಜ. ಬೂದಿಕೋಟೆಯಿಂದ ಹೊರಟ ಮನೆತನವೊಂದರ ಕತೆ ಸೆರೆಮನೆಯಲ್ಲಿ ಹೇಗೆ ಕೊನೆಗೊಂಡಿತು ಎಂಬುದನ್ನು ತಿಳಿಯಬಯಸುವವರು ದರಿಯಾ ದೌಲತ್‌ನ ಆ ಸಣ್ಣ ಹಾಳೆಗಳ ಮುಂದೆಯೂ ಒಂದಷ್ಟು ಹೊತ್ತು ನಿಲ್ಲುವುದು ಒಳಿತು.