ಕಂಪ್ಯೂಟರ್ ಏಳದಿದ್ದಾಗ: ಫಾರ್ಮ್ಯಾಟ್ ಮಾಡಿಸುವ ಮೊದಲು

ಮಳೆಗಾಲವಿಡೀ ಮುಚ್ಚಿಟ್ಟ ಕಂಪ್ಯೂಟರನ್ನು ಕೊಯ್ಲಿನ ಹೊತ್ತಿಗೆ ಚಾಲೂ ಮಾಡಹೋದರೆ ಅದು ಏಳುವುದಿಲ್ಲ ಎಂಬ ದೂರು ನಮ್ಮ ಸದಸ್ಯರಿಂದ ಪ್ರತಿ ವರ್ಷವೂ ಕೇಳಿಬರುತ್ತಿದೆ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಆದರೆ ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ಅಲ್ಲಿಗೇ ನಿಂತುಬಿಡುತ್ತದೆ. ಕೂಲಿಯವರ ಬಟವಾಡೆ ಲೆಕ್ಕ, ಹಣ್ಣು ಕೊಯ್ದ ತೂಕ, ಅಡಿಕೆ ಮಾರಾಟದ ಪಟ್ಟಿಗಳು, ಸಾಲದ ಕಾಗದಪತ್ರ ಎಲ್ಲವೂ ಅದರೊಳಗಿರುವಾಗ ಗಾಬರಿಯಾಗುವುದು ಸಹಜ.

ಈ ಗಾಬರಿಯಲ್ಲಿ ನಡೆಯುವ ಅನಾಹುತವೇ ದೊಡ್ಡದು. ಸದಸ್ಯರೊಬ್ಬರ ಕಂಪ್ಯೂಟರನ್ನು ಪೇಟೆಯ ಅಂಗಡಿಯೊಂದರಲ್ಲಿ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ನಾಲ್ಕು ವರ್ಷದ ತೋಟದ ಲೆಕ್ಕ ಹೋಯಿತು. ವಾರ ಕಳೆಯುವುದರೊಳಗೆ ಮತ್ತೆ ಅದೇ ತೊಂದರೆ. ಕೊನೆಗೆ ನೋಡಿದರೆ ಒಳಗಿನ ಬಿಲ್ಲೆಯಂಥ ಸೆಲ್ ಮುಗಿದಿತ್ತು, ಅಷ್ಟೆ. ಇಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂಬುದೇ ಈ ಲೇಖನದ ಉದ್ದೇಶ.

ಫರ್ಮ್‌ವೇರ್ ಎಂದರೇನು?

ಹೊಳೆ ಬದಿಯ ಪಂಪ್‌ಸೆಟ್ಟನ್ನು ನೆನೆದುಕೊಳ್ಳಿ. ಫುಟ್‌ವಾಲ್ವ್ ಸೋರಿ ಪಂಪಿನೊಳಗಿನ ನೀರು ಇಳಿದುಹೋಗಿದ್ದರೆ ಮೋಟಾರು ಎಷ್ಟು ತಿರುಗಿದರೂ ನೀರು ಏರುವುದಿಲ್ಲ. ಮೊದಲು ಒಂದೆರಡು ಕೊಡ ನೀರು ತುಂಬಿ ಪ್ರೈಮ್ ಮಾಡಬೇಕು. ನೀರು ಏರಲಿಲ್ಲವೆಂದ ಮಾತ್ರಕ್ಕೆ ಹೊಳೆ ಬತ್ತಿದೆ ಎಂದು ಯಾರೂ ಹೇಳುವುದಿಲ್ಲ.

ಕಂಪ್ಯೂಟರಿನಲ್ಲಿ ಈ ಮೊದಲ ಕೊಡ ನೀರಿನ ಕೆಲಸ ಮಾಡುವುದೇ ಫರ್ಮ್‌ವೇರ್. ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಇದನ್ನು ಬರೆದಿರುತ್ತಾರೆ. ಸ್ವಿಚ್ ಹಾಕಿದೊಡನೆ ಅದು ಮೆಮೊರಿ, ಪರದೆ, ಕೀಲಿಮಣೆಗಳನ್ನು ಪರೀಕ್ಷಿಸಿ, ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸನ್ನು ಎಬ್ಬಿಸುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಕಾಲದಿಂದ ಇದಕ್ಕೆ ಬಯೋಸ್ ಎಂಬ ಹೆಸರು. ಈಗಿನ ಯಂತ್ರಗಳಲ್ಲಿ ಇರುವುದು ಯುಇಎಫ್‌ಐ ಎಂಬ ಹೊಸ ಪದ್ಧತಿ. ರೂಢಿಯಲ್ಲಿ ಎರಡಕ್ಕೂ ಬಯೋಸ್ ಎಂದೇ ಹೇಳುತ್ತಾರೆ.

ಮುಖ್ಯವಾದ ಮಾತು ಇದು: ಫರ್ಮ್‌ವೇರ್ ಇರುವುದು ಚಿಪ್ಪಿನಲ್ಲಿ, ನಮ್ಮ ಲೆಕ್ಕ ಇರುವುದು ಡಿಸ್ಕಿನಲ್ಲಿ. ಚಿಪ್ಪಿನ ತೊಂದರೆಗೆ ಡಿಸ್ಕನ್ನು ಅಳಿಸುವುದು ಮದ್ದಲ್ಲ.

ಎಲ್ಲಿ ನಿಂತಿತು ಎಂದು ನೋಡಿ

1. ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದಾದರೆ ಅದು ಹೆಚ್ಚಾಗಿ ವಿದ್ಯುತ್ತಿನ ದೋಷ. ಪ್ಲಗ್, ಸ್ಟೆಬಿಲೈಸರ್, ಒಳಗಿನ ಪವರ್ ಸಪ್ಲೈ ಪರೀಕ್ಷಿಸಿರಿ.

2. ಫ್ಯಾನು ತಿರುಗಿದರೂ ಪರದೆ ಕಪ್ಪಾಗಿದ್ದು ಬೀಪ್ ಶಬ್ದ ಬಂದರೆ ಎಷ್ಟು ಸಲ ಬಂತೆಂದು ಎಣಿಸಿ ಬರೆದಿಡಿ. ಇದರ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಯಂತ್ರದ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ನಮ್ಮ ಥಂಡಿ ಹವೆಯಲ್ಲಿ ಮೆಮೊರಿ ಪಟ್ಟಿಯ ಅಂಚಿಗೆ ಕಿಲುಬು ಹಿಡಿದಿರುವುದು ಸಾಮಾನ್ಯ. ಪ್ಲಗ್ ಕಿತ್ತು, ಪಟ್ಟಿಯನ್ನು ತೆಗೆದು ಒರೆಸಿ ಮತ್ತೆ ಸರಿಯಾಗಿ ಕೂರಿಸಿದರೆ ಹಲವು ಯಂತ್ರಗಳು ಏಳುತ್ತವೆ. ಏಳದಿದ್ದರೆ ಫರ್ಮ್‌ವೇರೇ ಕೆಟ್ಟಿರುವ ಸಂಭವವೂ ಉಂಟು.

3. ಕಂಪನಿಯ ಗುರುತು ಬಂದು, ಬೂಟ್ ಡಿವೈಸ್ ಸಿಗಲಿಲ್ಲವೆಂಬ ಸಾಲು ಬಂದರೆ ಫರ್ಮ್‌ವೇರ್ ಜೀವಂತವಿದೆ, ಅದಕ್ಕೆ ಡಿಸ್ಕಿನ ದಾರಿ ತಪ್ಪಿದೆ ಎಂದು ತಿಳಿಯಬೇಕು. ಮೊದಲು ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತೆಗೆಯಿರಿ. ಬಳಿಕ ಯಂತ್ರ ಚಾಲೂ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು (ಕೆಲವು ಯಂತ್ರಗಳಲ್ಲಿ ಎಫ್10) ಒತ್ತುತ್ತಿದ್ದರೆ ಸೆಟಪ್ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಾಣಿಸಿದರೆ ತೊಂದರೆ ಹೆಚ್ಚಾಗಿ ಸೆಟ್ಟಿಂಗಿನದು. ಕಾಣಿಸದಿದ್ದರೆ ಕೇಬಲ್ ಅಥವಾ ಡಿಸ್ಕನ್ನೇ ಪರೀಕ್ಷಿಸಬೇಕು.

4. ವಿಂಡೋಸ್ ಗುರುತು ಬಂದ ಮೇಲೆ ನಿಂತರೆ ಫರ್ಮ್‌ವೇರ್ ತನ್ನ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಸಿದೆ. ಆದರೆ ‘ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ಡಿಸ್ಕಿನ ಸೆಟ್ಟಿಂಗ್ ಬದಲಾಗಿರಬಹುದು.

ಸೆಲ್ ಮುಗಿದಾಗ

ಮದರ್‌ಬೋರ್ಡಿನ ಮೇಲೆ ಸಾಮಾನ್ಯವಾಗಿ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆಯಿದೆ. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಇದೇ. ಪ್ಲಗ್ ಕಿತ್ತು ತಿಂಗಳುಗಟ್ಟಲೆ ಇಟ್ಟ ಯಂತ್ರದಲ್ಲಿ ಇದು ಬೇಗ ಸವೆಯುತ್ತದೆ. ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಸೆಲ್ ಮುಗಿದಿದೆ ಎಂದೇ ಲೆಕ್ಕ. ಹೊಸ ಮಾದರಿಗಳಲ್ಲಿ ಹಲವು ಸಲ ತಾರೀಕು ಮಾತ್ರ ಕೆಡುತ್ತದೆ. ಹಳೆಯವುಗಳಲ್ಲಿ ಸೆಟ್ಟಿಂಗುಗಳೂ ಅಳಿದು, ಕಾರ್ಖಾನೆಯಲ್ಲಿ ಇಟ್ಟ ಸ್ಥಿತಿಗೆ ಹಿಂದಿರುಗುತ್ತವೆ.

ಆಗ ಎರಡು ಬದಲಾವಣೆಗಳನ್ನು ಮುಖ್ಯವಾಗಿ ಗಮನಿಸಬೇಕು. ಒಂದು, ಡಿಸ್ಕ್ ನಡೆಸುವ ಕ್ರಮ ಎಎಚ್‌ಸಿಐನಿಂದ ರೇಡ್‌ಗೋ ಐಡಿಇಗೋ ತಿರುಗಿರುವುದು. ಎರಡು, ಲೆಗಸಿ ಪದ್ಧತಿಯಲ್ಲಿ ಹಾಕಿದ ಹಳೆಯ ವಿಂಡೋಸ್ ಇರುವಾಗ ಸೆಟ್ಟಿಂಗ್ ಯುಇಎಫ್‌ಐ ಮಾತ್ರ ಎಂದಾಗಿರುವುದು. ಹೊಸ ಸೆಲ್ ಹಾಕಿ, ತಾರೀಕು ಸರಿಪಡಿಸಿ, ಇವನ್ನು ಮೊದಲಿನಂತೆ ಇಟ್ಟರೆ ಯಂತ್ರ ಏಳುತ್ತದೆ. ಸೆಲ್ ಬದಲಿಸುವಾಗ ಪ್ಲಗ್ ಕಿತ್ತಿರಲೇಬೇಕು. ಲ್ಯಾಪ್‌ಟಾಪ್ ಆದರೆ ಬಲ್ಲವರಿಗೆ ಬಿಡುವುದು ಲೇಸು.

ಚಿಪ್ಪೇ ಕೆಟ್ಟರೆ

ಫರ್ಮ್‌ವೇರನ್ನು ಅಳಿಸಬಹುದೆಂಬುದು ಲೋಕಕ್ಕೆ ಚೆನ್ನಾಗಿ ಅರಿವಾದದ್ದು 1999ರ ಏಪ್ರಿಲ್ 26ರಂದು. ಸಿಐಎಚ್ ಎಂಬ ವೈರಸ್ ಅಂದು ಏಷ್ಯಾದ ಹಲವೆಡೆ ಕಂಪ್ಯೂಟರುಗಳ ಡಿಸ್ಕನ್ನು ಕೆಡಿಸಿದ್ದಲ್ಲದೆ, ಹಲವಾರು ಯಂತ್ರಗಳ ಬಯೋಸನ್ನೂ ಅಳಿಸಿತು. ನಮ್ಮ ಮಲೆನಾಡಿನಲ್ಲಿ ಅದಕ್ಕಿಂತ ಹತ್ತಿರದ ಶತ್ರು ಕರೆಂಟು. ಫರ್ಮ್‌ವೇರ್ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋದರೆ ಚಿಪ್ಪಿನ ಬರಹ ಅರ್ಧಕ್ಕೆ ನಿಂತು ಯಂತ್ರ ಸ್ತಬ್ಧವಾಗಬಹುದು. ಆದುದರಿಂದ ಕಾರಣವಿಲ್ಲದೆ ಅಪ್‌ಡೇಟ್‌ಗೆ ಕೈಹಾಕಬೇಡಿ. ಹಾಕುವುದಾದರೆ ಯುಪಿಎಸ್ ಇರಲಿ, ಗುಡುಗು ಮಿಂಚಿನ ಹೊತ್ತು ಬೇಡ. ನಿಮ್ಮ ಮಾದರಿಯದೇ ಫೈಲನ್ನು ತಯಾರಕರಿಂದಲೇ ಪಡೆಯಿರಿ. ವಿಂಡೋಸ್ ಅಪ್‌ಡೇಟ್ ಜೊತೆಯಲ್ಲೂ ಫರ್ಮ್‌ವೇರ್ ಬರುವುದುಂಟು. ಅಪ್‌ಡೇಟ್ ನಡೆಯುತ್ತಿದೆ ಎಂದು ಪರದೆ ಹೇಳುತ್ತಿರುವಾಗ ಸ್ವಿಚ್ ಆರಿಸಬೇಡಿ.

ಹೀಗೆ ಕೆಟ್ಟರೂ ದಾರಿಯಿದೆ. ಹಲವು ಮದರ್‌ಬೋರ್ಡುಗಳಲ್ಲಿ ಪೆನ್‌ಡ್ರೈವ್‌ನಿಂದ ಫರ್ಮ್‌ವೇರನ್ನು ಮತ್ತೆ ತುಂಬುವ ಏರ್ಪಾಡು ಇದೆ. ಇಲ್ಲದಿದ್ದರೆ ಅನುಭವವುಳ್ಳ ತಂತ್ರಜ್ಞರು ಚಿಪ್ಪನ್ನು ಹೊಸದಾಗಿ ಬರೆಯಬಲ್ಲರು. ಡಿಸ್ಕನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಬೀಗದ ಕೈ ಮರೆಯದಿರಿ

ಒಂದು ಎಚ್ಚರಿಕೆ. ವಿಂಡೋಸ್ 11 ಇರುವ ಹಲವು ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಫರ್ಮ್‌ವೇರ್ ಸೆಟ್ಟಿಂಗ್ ಬದಲಾದರೆ, ಅಥವಾ ಡಿಸ್ಕನ್ನು ತೆಗೆದು ಬೇರೆ ಯಂತ್ರಕ್ಕೆ ಹಾಕಿದರೆ, 48 ಅಂಕಿಗಳ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್ ಸರಿಯಿದ್ದೂ ಲೆಕ್ಕ ಕೈಗೆ ಸಿಗದು. ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರ ತೆರೆಯುವವರ ಕೀ ಸಾಮಾನ್ಯವಾಗಿ ಆ ಖಾತೆಯಲ್ಲೇ ಇರುತ್ತದೆ. ಯಂತ್ರ ಸರಿಯಿರುವಾಗಲೇ ಅದನ್ನು ಕಾಗದದಲ್ಲಿ ಬರೆದು ತೋಟದ ದಸ್ತಾವೇಜಿನ ಜೊತೆ ಇಡಿ.

ಸದಸ್ಯರಲ್ಲಿ ವಿನಂತಿ

ಮಳೆ ಹಿಡಿಯುವ ಮೊದಲು, ಬೋರ್ಡೋ ಸಿಂಪಡಣೆಯ ಸಿದ್ಧತೆಯ ಜೊತೆಗೇ ಈ ನಾಲ್ಕು ಕೆಲಸ ಮಾಡಿ ಮುಗಿಸಿರಿ. ಲೆಕ್ಕಪತ್ರದ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಸೆಟಪ್ ಪುಟಗಳ ಫೋಟೋವನ್ನು ಮೊಬೈಲಿನಲ್ಲಿ ಹಿಡಿದಿಡಿ. ನಾಲ್ಕೈದು ವರ್ಷವಾಗಿದ್ದರೆ ಸೆಲ್ ಬದಲಿಸಿ. ಯಂತ್ರವನ್ನು ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ನಡೆಸಿ.

ಇಷ್ಟಾಗಿಯೂ ರಿಪೇರಿಗೆ ಒಯ್ಯಬೇಕಾಗಿ ಬಂದರೆ, ‘ನನ್ನನ್ನು ಕೇಳದೆ ಡಿಸ್ಕ್ ಅಳಿಸಬಾರದು’ ಎಂದು ಚೀಟಿ ಬರೆದು ಯಂತ್ರಕ್ಕೆ ಅಂಟಿಸಿ ಕೊಡಿ. ಪಂಪು ನೀರೆತ್ತದಿದ್ದರೆ ನಾವು ಮೊದಲು ಫುಟ್‌ವಾಲ್ವ್ ನೋಡುತ್ತೇವೆ. ಕಂಪ್ಯೂಟರಿನ ವಿಷಯದಲ್ಲೂ ಅದೇ ತಾಳ್ಮೆ ಇರಲಿ.