ವಾಹನಗಳಿಗೆ ಹೊರಗಿನ ಹೆಡ್‌ಲೈಟ್ ಅಳವಡಿಕೆ ಹಾಗೂ ವಿಮೆಯ ಮೇಲೆ ಅದರ ಪರಿಣಾಮ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಗ್ರಾಮೀಣ ಭಾಗದ ಬಹುತೇಕ ರಸ್ತೆಗಳಲ್ಲಿ ಬೀದಿದೀಪಗಳಾಗಲಿ, ಎದುರುಬದುರು ಸಂಚಾರವನ್ನು ಬೇರ್ಪಡಿಸುವ ವಿಭಜಕಗಳಾಗಲಿ ಇರುವುದಿಲ್ಲ. ಆದ್ದರಿಂದ ರಾತ್ರಿ ಸಂಚರಿಸುವ ವಾಹನ ಮಾಲೀಕರು ಹೆಚ್ಚಿನ ಬೆಳಕನ್ನು ಬಯಸುವುದು ಸಹಜ. ಪಟ್ಟಣದ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುವ ಎಲ್‌ಇಡಿ ಬಲ್ಬು, ಅಧಿಕ ವ್ಯಾಟಿನ ಹ್ಯಾಲೊಜೆನ್ ಬಲ್ಬು ಅಥವಾ ಬಂಪರ್ ಮೇಲಿನ ಹೆಚ್ಚುವರಿ ದೀಪಗಳನ್ನು ಕಾರು, ಜೀಪು ಮತ್ತು ಪಿಕಪ್ ವಾಹನಗಳಿಗೆ ಅಳವಡಿಸುವುದು ಇಂದು ಸಾಮಾನ್ಯವಾಗಿದೆ. ಈ ಬದಲಾವಣೆಯು ಕಾನೂನಿಗೆ ಹೇಗೆ ಸಂಬಂಧಿಸುತ್ತದೆ, ಅಪಘಾತವಾದಾಗ ವಿಮಾ ಪರಿಹಾರದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. "ಲೈಟು ಬದಲಿಸಿದರೆ ವಿಮೆಯೇ ರದ್ದು" ಎಂಬ ಮಾತೂ, "ಲೈಟಿಗೂ ವಿಮೆಗೂ ಸಂಬಂಧವೇ ಇಲ್ಲ" ಎಂಬ ಮಾತೂ ಕೇಳಿಬರುತ್ತವೆ. ಇವೆರಡೂ ಪೂರ್ಣ ಸತ್ಯವಲ್ಲ. ಗ್ರಾಮಸ್ಥರಿಗೆ ತಿಳಿವಳಿಕೆ ನೀಡಲು ಹಾಗೂ ಪಂಚಾಯಿತಿಯ ಸ್ವಂತ ವಾಹನಗಳ ವಿಷಯದಲ್ಲಿ ಎಚ್ಚರ ವಹಿಸಲು ಅನುಕೂಲವಾಗುವಂತೆ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

1. ಬಲ್ಬು ಬದಲಾದಾಗ ಆಗುವುದೇನು?

ಹೆಡ್‌ಲೈಟಿನಲ್ಲಿ ಬಲ್ಬು, ಅದರ ಹಿಂದಿನ ಪ್ರತಿಫಲಕ ಮತ್ತು ಮುಂದಿನ ಗಾಜು ಇವು ಒಂದಕ್ಕೊಂದು ಹೊಂದಿಕೆಯಾಗುವಂತೆ ತಯಾರಾಗಿರುತ್ತವೆ. ಹ್ಯಾಲೊಜೆನ್ ಬಲ್ಬಿನೊಳಗಿನ ತಂತಿ ಇರುವ ನಿಖರ ಸ್ಥಾನವನ್ನು ಆಧರಿಸಿಯೇ ಪ್ರತಿಫಲಕದ ಆಕಾರವನ್ನು ನಿರ್ಧರಿಸಲಾಗುತ್ತದೆ. ಅದೇ ಜಾಗಕ್ಕೆ ಎಲ್‌ಇಡಿ ಬಲ್ಬನ್ನು ತುರುಕಿದಾಗ ಬೆಳಕು ಹೊಮ್ಮುವ ಬಿಂದು ಸ್ಥಳಾಂತರಗೊಳ್ಳುತ್ತದೆ. ಪರಿಣಾಮವಾಗಿ ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಬೀಳುತ್ತದೆ. ಚಾಲಕನಿಗೆ ತನ್ನ ಮುಂದಿನ ಹತ್ತಿರದ ನೆಲ ಬೆಳ್ಳಗೆ ಹೊಳೆಯುವುದರಿಂದ ಬೆಳಕು ಹೆಚ್ಚಿದಂತೆ ತೋರುತ್ತದೆ. ಆದರೆ ದೂರದ ನೋಟ ಅದೇ ಪ್ರಮಾಣದಲ್ಲಿ ಹೆಚ್ಚಿರುವುದಿಲ್ಲ.

ಅಧಿಕ ವ್ಯಾಟಿನ ಬಲ್ಬುಗಳ ತೊಂದರೆ ಬೇರೆ ಬಗೆಯದು. ಅನೇಕ ಸಣ್ಣ ಕಾರುಗಳಲ್ಲಿ ಬಳಕೆಯಲ್ಲಿರುವ ಎಚ್4 ಮಾದರಿಯ ಬಲ್ಬು ಹೈಬೀಮ್‌ನಲ್ಲಿ 60 ವ್ಯಾಟ್, ಡಿಪ್‌ನಲ್ಲಿ 55 ವ್ಯಾಟ್ ಸಾಮರ್ಥ್ಯದ್ದು. ಅದರ ಬದಲಿಗೆ 100/90 ವ್ಯಾಟಿನ ಬಲ್ಬು ಹಾಕಿದರೆ, 12 ವೋಲ್ಟ್ ಲೆಕ್ಕದಲ್ಲಿ ಡಿಪ್‌ನಲ್ಲಿ ಪ್ರತಿ ಬಲ್ಬಿಗೆ ಹರಿಯುವ ವಿದ್ಯುತ್ ಸುಮಾರು 4.6 ಆಂಪಿಯರ್‌ನಿಂದ 7.5 ಆಂಪಿಯರ್‌ಗೆ ಏರುತ್ತದೆ. ಮೂಲ ವೈರಿಂಗ್, ಸ್ವಿಚ್ ಮತ್ತು ಹೋಲ್ಡರ್‌ಗಳು ಈ ಭಾರಕ್ಕೆ ರೂಪಿತವಾಗಿರುವುದಿಲ್ಲ. ಹೋಲ್ಡರ್ ಕರಗುವುದು, ಪ್ರತಿಫಲಕ ಸುಡುವುದು, ವೈರಿನ ಹೊದಿಕೆ ಸುಟ್ಟು ಬೆಂಕಿ ಹೊತ್ತಿಕೊಳ್ಳುವುದು ಇದರಿಂದ ಸಂಭವಿಸಬಹುದು.

2. ಕಾನೂನಿನ ಉಪಬಂಧಗಳು

ಮೋಟಾರು ವಾಹನ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಪ್ರಮಾಣಪತ್ರದಲ್ಲಿ ಬಲ್ಬಿನ ವಿವರ ನಮೂದಾಗಿರುವುದಿಲ್ಲವಾದ್ದರಿಂದ ದೀಪ ಬದಲಾಯಿಸಲು ಯಾವ ನಿರ್ಬಂಧವೂ ಇಲ್ಲವೆಂದು ಕೆಲವರು ವಾದಿಸುವುದುಂಟು. ಆದರೆ ದೀಪಗಳಿಗೆ ಪ್ರತ್ಯೇಕ ನಿಯಮಗಳೇ ಇವೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 106ರಂತೆ, ವಾಹನದ ಮುಂಭಾಗದ ದೀಪದ ಬೆಳಕು ಕೆಳಮುಖವಾಗಿರಬೇಕು ಅಥವಾ ಚಾಲಕನು ಅದನ್ನು ಕೆಳಕ್ಕೆ ತಿರುಗಿಸುವಂತಿರಬೇಕು. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕಣ್ಣು ಕುಕ್ಕಬಾರದು. ಈ ಎತ್ತರವು ರಸ್ತೆಯಲ್ಲಿ ನಡೆದು ಬರುವ ವ್ಯಕ್ತಿಯ ಕಣ್ಣಿನ ಮಟ್ಟಕ್ಕೆ ಸಮೀಪವಾದುದು ಎಂಬುದನ್ನು ಸದಸ್ಯರು ಗಮನಿಸಬಹುದು.

2019ರ ತಿದ್ದುಪಡಿಯಿಂದ ಸೇರಿದ ಕಲಂ 182ಎ(4)ರಂತೆ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗಗಳನ್ನು ಅಳವಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯ ಪೊಲೀಸ್ ಇಲಾಖೆಯು 2024ರ ಜುಲೈ ತಿಂಗಳಲ್ಲಿ ವಿಶೇಷ ಕಾರ್ಯಾಚರಣೆಯನ್ನೂ ಕೈಗೊಂಡಿತ್ತು.

3. ವಿಮೆಯ ಎರಡು ಭಾಗಗಳು

ವಾಹನ ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮೂರನೇ ವ್ಯಕ್ತಿಗೆ ಆಗುವ ಸಾವು, ಗಾಯ ಅಥವಾ ಆಸ್ತಿಹಾನಿಗೆ ಸಂಬಂಧಿಸಿದ ವಿಮೆ. ಕಲಂ 146ರ ಪ್ರಕಾರ ಇದು ಕಡ್ಡಾಯ. ಎರಡನೆಯದು ಮಾಲೀಕನ ಸ್ವಂತ ವಾಹನಕ್ಕೆ ಆಗುವ ಹಾನಿಯ ವಿಮೆ, ಇದು ಐಚ್ಛಿಕ. ಹೆಡ್‌ಲೈಟ್ ಬದಲಾವಣೆಯ ಪರಿಣಾಮ ಈ ಎರಡು ಭಾಗಗಳಲ್ಲಿ ಒಂದೇ ರೀತಿ ಇರುವುದಿಲ್ಲ.

ಮೂರನೇ ವ್ಯಕ್ತಿಯ ಪರಿಹಾರವನ್ನು ನಿರಾಕರಿಸಲು ವಿಮಾ ಕಂಪನಿಗೆ ಇರುವ ಕಾರಣಗಳನ್ನು ಅಧಿನಿಯಮದ ಕಲಂ 150 ಸೀಮಿತಗೊಳಿಸಿದೆ. ಆ ಪಟ್ಟಿಯಲ್ಲಿ ದೀಪದ ಬದಲಾವಣೆ ಇಲ್ಲ. ಆದರೆ ಮುಖ್ಯ ಸಂಗತಿಯನ್ನು ಮರೆಮಾಚಿ ಅಥವಾ ಸುಳ್ಳು ವಿವರ ನೀಡಿ ಪಾಲಿಸಿ ಪಡೆದಿರುವುದು ಆ ಪಟ್ಟಿಯಲ್ಲಿ ಇದೆ. ಷರತ್ತು ಉಲ್ಲಂಘನೆಯನ್ನು ಸಾಬೀತುಪಡಿಸುವ ಹೊಣೆ ವಿಮಾ ಕಂಪನಿಯದೇ ಎಂದು ಸರ್ವೋಚ್ಚ ನ್ಯಾಯಾಲಯವು ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ತಿಳಿಸಿದೆ. ಕೆಲವು ಸಂದರ್ಭಗಳಲ್ಲಿ ಕಂಪನಿಯು ಮೊದಲು ಸಂತ್ರಸ್ತರಿಗೆ ಹಣ ಪಾವತಿಸಿ, ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆಯೂ ನ್ಯಾಯಾಲಯಗಳು ಆದೇಶಿಸುತ್ತವೆ. ಸಂತ್ರಸ್ತ ಕುಟುಂಬಕ್ಕೆ ಇದರಿಂದ ರಕ್ಷಣೆ ದೊರೆಯುತ್ತದೆ. ಮಾಲೀಕನ ಹೊರೆ ಮಾತ್ರ ಉಳಿಯುತ್ತದೆ.

ಸ್ವಂತ ಹಾನಿಯ ಭಾಗದಲ್ಲಿ ಪಾಲಿಸಿಯ ಷರತ್ತುಗಳಿಗೆ ಹೆಚ್ಚಿನ ಮಹತ್ವವಿದೆ. ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಮಾಲೀಕನು ಸೂಕ್ತ ಕ್ರಮ ವಹಿಸಬೇಕೆಂಬುದು ಸಾಮಾನ್ಯ ಷರತ್ತು. ಇದಲ್ಲದೆ ತಯಾರಕರ ಮಾರಾಟ ಬೆಲೆಯಲ್ಲಿ ಸೇರಿರದ ವಿದ್ಯುತ್ ಉಪಕರಣಗಳನ್ನು ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಪ್ರೀಮಿಯಂ ಪಾವತಿಸಿದ್ದರೆ ಮಾತ್ರ ಅವುಗಳಿಗೆ ರಕ್ಷಣೆ ಇರುತ್ತದೆ. ಘೋಷಿಸದ ದೀಪ ಒಡೆದುಹೋದರೆ ಅದರ ಬೆಲೆ ದೊರೆಯುವುದಿಲ್ಲ.

4. ಮೂರು ಸಂದರ್ಭಗಳು

ಮೇಲಿನ ಅಂಶಗಳನ್ನು ಸ್ಪಷ್ಟಪಡಿಸಲು, ಘೋಷಿಸದ ಎಲ್‌ಇಡಿ ದೀಪಗಳನ್ನು ಅಳವಡಿಸಿದ ಒಂದು ಕಾರನ್ನು ಉದಾಹರಣೆಯಾಗಿ ಪರಿಗಣಿಸಬಹುದು.

ಮೊದಲನೆಯದಾಗಿ, ಮನೆಯ ಮುಂದೆ ನಿಲ್ಲಿಸಿದ್ದ ಆ ಕಾರಿನ ಮೇಲೆ ಮಳೆಗಾಳಿಗೆ ಮರ ಬಿದ್ದಿತೆಂದು ಭಾವಿಸೋಣ. ಹಾನಿಗೂ ದೀಪಕ್ಕೂ ಯಾವ ಸಂಬಂಧವೂ ಇಲ್ಲ. ಹಾನಿಗೆ ಕಾರಣವಾಗದ ಉಲ್ಲಂಘನೆಯನ್ನೇ ಮುಂದುಮಾಡಿ ಇಡೀ ಪರಿಹಾರವನ್ನು ನಿರಾಕರಿಸುವುದನ್ನು ಮಾಲೀಕನು ಪ್ರಶ್ನಿಸಬಹುದು. ವಿಮಾ ಕಂಪನಿಯೊಂದರ ಹಾಸನ ವಿಭಾಗೀಯ ಕಚೇರಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಸರಕು ವಾಹನದಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದ ಮಾತ್ರಕ್ಕೆ ಅಪಘಾತಕ್ಕೆ ಅದು ಕಾರಣವಾಗದಿದ್ದಾಗ ಪರಿಹಾರ ನಿರಾಕರಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿದೆ.

ಎರಡನೆಯದಾಗಿ, ದೀಪಕ್ಕಾಗಿ ಕತ್ತರಿಸಿ ಜೋಡಿಸಿದ ವೈರಿನಿಂದ ಬೆಂಕಿ ಹತ್ತಿ ಕಾರು ಸುಟ್ಟಿತೆಂದು ಭಾವಿಸೋಣ. ಬೆಂಕಿಯಿಂದಾಗುವ ಹಾನಿ ಸಾಮಾನ್ಯವಾಗಿ ಪಾಲಿಸಿಯ ವ್ಯಾಪ್ತಿಯಲ್ಲಿ ಬರುತ್ತದೆ. ಆದರೆ ಇಲ್ಲಿ ಹಾನಿಯ ಮೂಲವೇ ಬದಲಾವಣೆಯಾಗಿರುವುದರಿಂದ ಸರ್ವೇಯರ್ ವರದಿಯಲ್ಲಿ ಅದು ದಾಖಲಾಗುತ್ತದೆ. ಪರಿಹಾರ ಕಡಿತವಾಗುವ ಅಥವಾ ತಿರಸ್ಕೃತವಾಗುವ ಸಾಧ್ಯತೆ ಈ ಸಂದರ್ಭದಲ್ಲಿ ಹೆಚ್ಚು.

ಮೂರನೆಯದಾಗಿ, ಆ ಕಾರಿನ ಬೆಳಕಿಗೆ ಕಣ್ಣು ಕತ್ತಲಿಟ್ಟ ಸೈಕಲ್ ಸವಾರರೊಬ್ಬರು ದಾರಿ ತಪ್ಪಿ ಕಾರಿಗೇ ಡಿಕ್ಕಿಯಾದರೆಂದು ಭಾವಿಸೋಣ. ಅವರ ಕುಟುಂಬ ಪರಿಹಾರಕ್ಕಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ದೀಪ ಅಕ್ರಮವಾಗಿತ್ತೆಂಬುದು ಚಾಲಕನ ನಿರ್ಲಕ್ಷ್ಯಕ್ಕೆ ಸಾಕ್ಷ್ಯವಾಗಬಹುದು. ವಿಮೆಯಿಂದ ಹಣ ದೊರೆತರೂ ಚಾಲಕನ ಮೇಲಿನ ಕ್ರಿಮಿನಲ್ ಪ್ರಕರಣವನ್ನು ಯಾವ ವಿಮೆಯೂ ಭರಿಸುವುದಿಲ್ಲ. ಹೋದ ಜೀವವನ್ನು ಯಾವ ಪರಿಹಾರವೂ ಮರಳಿಸುವುದಿಲ್ಲ.

5. ಮಾಲೀಕರು ಅನುಸರಿಸಬೇಕಾದ ಕ್ರಮಗಳು

ಬೆಳಕು ಕಡಿಮೆಯಾಗಿದೆ ಎನಿಸಿದಾಗ ಮೊದಲು ಮೂಲ ದೀಪವನ್ನು ಪರಿಶೀಲಿಸಬೇಕು. ಹಳದಿಗಟ್ಟಿದ ಹೊರ ಕವಚವನ್ನು ಪಾಲಿಶ್ ಮಾಡಿಸುವುದು, ಹಳೆಯ ಬಲ್ಬಿಗೆ ಬದಲಾಗಿ ಅದೇ ಮಾದರಿಯ ಹಾಗೂ ಅದೇ ವ್ಯಾಟಿನ ಹೊಸ ಬಲ್ಬು ಹಾಕಿಸುವುದು, ಬ್ಯಾಟರಿ ಸಂಪರ್ಕಗಳನ್ನು ಸ್ವಚ್ಛಗೊಳಿಸುವುದು ಮತ್ತು ಗ್ಯಾರೇಜಿನಲ್ಲಿ ಬೆಳಕಿನ ದಿಕ್ಕನ್ನು ಸರಿಪಡಿಸುವುದು, ಇಷ್ಟರಿಂದಲೇ ಬಹುತೇಕ ದೂರುಗಳು ನಿವಾರಣೆಯಾಗುತ್ತವೆ. ಬಲ್ಬಿನ ಮಾದರಿ ಮತ್ತು ವ್ಯಾಟ್ ವಿವರ ವಾಹನದ ಕೈಪಿಡಿಯಲ್ಲಿ ಇರುತ್ತದೆ.

ಸಂಪೂರ್ಣ ಹೆಡ್‌ಲೈಟನ್ನೇ ಬದಲಾಯಿಸಬೇಕಾದಲ್ಲಿ ಆ ಮಾದರಿಯ ವಾಹನಕ್ಕೆ ಅನುಮೋದಿತವಾದುದನ್ನೇ ಅಧಿಕೃತ ಸೇವಾ ಕೇಂದ್ರದಲ್ಲಿ ಹಾಕಿಸಿ, ರಸೀದಿಯನ್ನು ಕಾಪಾಡಬೇಕು. ಬದಲಾವಣೆಯ ವಿವರವನ್ನು ವಿಮಾ ಕಂಪನಿಗೆ ಪತ್ರ ಅಥವಾ ಇಮೇಲ್ ಮೂಲಕ ತಿಳಿಸಿ ಸ್ವೀಕೃತಿ ಪಡೆಯಬೇಕು. ಏಜೆಂಟರಿಗೆ ಬಾಯಿಮಾತಿನಲ್ಲಿ ತಿಳಿಸಿದರೆ ಸಾಲದು. ಪಾಲಿಸಿ ನವೀಕರಣದ ಅರ್ಜಿಯಲ್ಲಿ ಮಾರ್ಪಾಡುಗಳ ಕುರಿತ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಬರೆಯಬೇಕು. ಆದರೆ ನಿಯಮಬಾಹಿರ ದೀಪವನ್ನು ವಿಮಾ ಕಂಪನಿಗೆ ತಿಳಿಸಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

ಪರಿಹಾರ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಕಂಪನಿಗೆ ದೂರು ನೀಡಿ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ವೈಯಕ್ತಿಕ ಪಾಲಿಸಿದಾರರು ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮಾರ್ಗವೂ ಇದೆ.

6. ಪಂಚಾಯಿತಿ ವಾಹನಗಳ ಕುರಿತು

ತ್ಯಾಜ್ಯ ಸಂಗ್ರಹಿಸುವ ಸ್ವಚ್ಛ ವಾಹಿನಿ, ನೀರಿನ ಟ್ಯಾಂಕರ್ ಮತ್ತು ಟ್ರ್ಯಾಕ್ಟರುಗಳು ಗ್ರಾಮ ಪಂಚಾಯಿತಿಯ ಹೆಸರಿನಲ್ಲಿ ನೋಂದಣಿಯಾಗಿದ್ದಲ್ಲಿ, ಚಾಲನೆಯನ್ನು ಸ್ವಸಹಾಯ ಸಂಘದ ಸದಸ್ಯರು ಅಥವಾ ಗುತ್ತಿಗೆ ಸಿಬ್ಬಂದಿ ನಿರ್ವಹಿಸುತ್ತಿದ್ದರೂ ಮಾಲೀಕತ್ವದ ಹೊಣೆ ಪಂಚಾಯಿತಿಯದೇ ಆಗಿರುತ್ತದೆ. ವಿಮಾ ಕಂಪನಿಯು ಪಾವತಿಸಿದ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡಲು ಆದೇಶವಾದರೆ ಆ ಮೊತ್ತ ಪಂಚಾಯಿತಿ ನಿಧಿಯ ಮೇಲೆ ಬೀಳುತ್ತದೆ. ಎಂದರೆ ಗ್ರಾಮದ ಕುಡಿಯುವ ನೀರು, ಬೀದಿದೀಪಗಳಿಗೆ ಬಳಕೆಯಾಗಬೇಕಾದ ಹಣ ಅದಕ್ಕೆ ವ್ಯಯವಾಗುತ್ತದೆ.

ಆದಕಾರಣ ಮಾನ್ಯ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ಪಂಚಾಯಿತಿಯ ಪ್ರತಿ ವಾಹನದ ದೀಪ, ವೈರಿಂಗ್ ಮತ್ತು ವಿಮಾ ಪಾಲಿಸಿಯ ಅವಧಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ಪರಿಶೀಲಿಸಿ ವಾಹನ ವಹಿಯಲ್ಲಿ ದಾಖಲಿಸುವಂತೆ ಕ್ರಮ ವಹಿಸುವುದು. ಲಿಖಿತ ಅನುಮತಿಯಿಲ್ಲದೆ ಯಾವುದೇ ಬಿಡಿಭಾಗವನ್ನು ಅಳವಡಿಸದಂತೆ ಚಾಲಕರಿಗೆ ಸೂಚಿಸುವುದು. ಗ್ರಾಮಸಭೆಯಲ್ಲಿ ವಾಹನ ಮಾಲೀಕರಿಗೆ ಮೇಲ್ಕಂಡ ವಿವರಗಳನ್ನು ಸರಳವಾಗಿ ತಿಳಿಸಿ, ರಾತ್ರಿ ವೇಳೆ ಎದುರಿಗೆ ವಾಹನ ಅಥವಾ ಪಾದಚಾರಿಗಳು ಬಂದಾಗ ತಪ್ಪದೆ ಡಿಪ್ ಬಳಸುವಂತೆ ಮನವರಿಕೆ ಮಾಡಿಕೊಡಬೇಕೆಂದು ಕೋರಲಾಗಿದೆ.