ಪಾತ್ರೆಗೂ ಕಾರ್ಖಾನೆಗೂ ನಡುವೆ

ಶಿವರಾತ್ರಿಯ ಆಸುಪಾಸಿನಲ್ಲಿ ಮಧುಗಿರಿ, ಕೊರಟಗೆರೆ ಕಡೆಯ ಅಂಗಳಗಳಲ್ಲಿ ಹುಣಸೆ ಕುಟ್ಟುವ ಕೆಲಸ ಬಿಡುವಿಲ್ಲದೆ ಸಾಗುತ್ತದೆ. ಸಿಪ್ಪೆ, ನಾರು, ಬೀಜ ತೆಗೆದ ಹಣ್ಣು ತುಮಕೂರಿನ ಮಂಡಿ ಸೇರುತ್ತದೆ. ಅದನ್ನು ಪೇಸ್ಟ್ ಮಾಡಿ ಬಾಟಲಿಗೆ ತುಂಬುವ ಲಾಭ ಬೇರೆಯವರದು. ನಾವೇ ಮಾಡಿದರೇನು ಎನ್ನುವವರು ಯಂತ್ರದಂಗಡಿಗೆ ಹೋಗುವ ಮೊದಲು ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ನೋಡಿ ಬರುವುದು ಒಳ್ಳೆಯದು.

1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಂಸ್ಥೆ ಇದು. ದಾರಿಹೋಕರು ಅರಮನೆಯ ಕಂಬಗಳನ್ನು ನೋಡಿ ಮುಂದೆ ಹೋಗುತ್ತಾರೆ. ನಮಗೆ ಬೇಕಾದದ್ದು ಆವರಣದೊಳಗಿನ ಪೈಲಟ್ ಪ್ಲಾಂಟ್. ಹಬೆಯ ಕೊಳವೆಗಳು, ಜೋಡಿಗೋಡೆಯ ಸ್ಟೀಲ್ ಕೊಪ್ಪರಿಗೆಗಳು, ರಸ ಇಂಗಿಸುವ, ಒಣಗಿಸುವ ಯಂತ್ರಗಳು. ಎಲ್ಲವೂ ಕಾರ್ಖಾನೆಯವೇ, ಗಾತ್ರ ಮಾತ್ರ ಚಿಕ್ಕದು.

ಈ ನಡುಗಾತ್ರ ಏಕೆ ಬೇಕು? ಮನೆಯ ಪಾತ್ರೆಯಲ್ಲಿ ಹುಣಸೆ ರಸ ಚೆನ್ನಾಗಿಯೇ ಗಟ್ಟಿಯಾಗುತ್ತದೆ. ಪಾತ್ರೆಯ ಉದ್ದ, ಅಗಲ, ಎತ್ತರ ಎರಡರಷ್ಟಾದರೆ ಒಳಗಿನ ರಸ ಎಂಟು ಪಟ್ಟು ಹೆಚ್ಚುತ್ತದೆ, ಕಾವು ಕೊಡುವ ಮೈ ನಾಲ್ಕೇ ಪಟ್ಟು. ಬೇಯಲು ಹೊತ್ತು ಹಿಡಿಯುತ್ತದೆ, ಗೋಡೆಯ ಬಳಿ ರಸ ಸೀಯುತ್ತದೆ, ಬಣ್ಣ ಕಪ್ಪಾಗುತ್ತದೆ. ಅದಕ್ಕೇ ಗಾಳಿಯ ಒತ್ತಡ ತಗ್ಗಿಸಿ, ಕಡಿಮೆ ಬಿಸಿಯಲ್ಲೇ ನೀರು ಆವಿಯಾಗಿಸುತ್ತಾರೆ. ಹುಣಸೆಯ ಹುಳಿ ಕಬ್ಬಿಣವನ್ನು ತಿನ್ನುವುದರಿಂದ ಸ್ಟೀಲೇ ಬೇಕು. ಇಷ್ಟನ್ನು ಪೈಲಟ್ ಪ್ಲಾಂಟಿನಲ್ಲಿ ಒಂದೆರಡು ಮೂಟೆ ಹಣ್ಣು ಕಳೆದುಕೊಂಡು ಕಲಿಯಬಹುದು. ಸಾಲದ ಕಾರ್ಖಾನೆಯಲ್ಲಿ ಕಲಿತರೆ ಮನೆಯೇ ಹೋದೀತು.

ಪಾವಗಡ, ಶಿರಾದ ಕಡಲೆಕಾಯಿಗೂ ಈ ಸಂಸ್ಥೆಗೂ ಹಳೆಯ ನಂಟಿದೆ. ಎಣ್ಣೆ ತೆಗೆದ ಮೇಲೆ ದನಕ್ಕೆ ಹೋಗುವ ಹಿಂಡಿಯನ್ನು ಮನುಷ್ಯರ ಆಹಾರವಾಗಿಸುವ ಯತ್ನ ನಡೆದದ್ದು ಇಲ್ಲೇ: 75 ಪಾಲು ಕಡಲೆಕಾಯಿ ಹಿಟ್ಟಿಗೆ 25 ಪಾಲು ಕಡಲೆ ಹಿಟ್ಟು, ಜೊತೆಗೆ ಜೀವಸತ್ವ. ಬೂಷ್ಟು ಹಿಡಿದ ಕಾಳಿನ ಅಫ್ಲಟಾಕ್ಸಿನ್ ವಿಷ ಒಳಸೇರದಂತೆ ಆಯುವುದೇ ಇದರಲ್ಲಿ ದೊಡ್ಡ ತಲೆನೋವು.

2014ರಲ್ಲಿ ತುಮಕೂರು ಬಳಿಯ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಬಂತು. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಯೋಜನೆ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಗೊತ್ತುಮಾಡಿತು. ಸಹಾಯಧನ ಸಿಗುತ್ತದೆಂದು ಮೊದಲೇ ಯಂತ್ರ ಇಳಿಸುವುದು ನನಗೆ ಸರಿಕಾಣದು. ಪೈಲಟ್ ಪ್ಲಾಂಟಿನ ಪ್ರಯೋಗಕ್ಕೂ ಶುಲ್ಕ ಇದೆ. ಹೋಗುವಾಗ ನಿಮ್ಮ ಮರದ ಹಣ್ಣನ್ನೇ ಒಯ್ಯಿರಿ. ಹೊಸದೊಂದಿಷ್ಟು, ಕಪ್ಪಾದ ಹಳೆಯದೊಂದಿಷ್ಟು. ಒಂದು ಕಿಲೋ ಹಣ್ಣಿಗೆ ಎಷ್ಟು ಪೇಸ್ಟ್, ಎಷ್ಟು ನೀರು, ಎಷ್ಟು ಸೌದೆ ಅಥವಾ ಕರೆಂಟು ಎಂದು ಬರೆದುಕೊಂಡು ಬನ್ನಿ. ಬ್ಯಾಂಕಿನವರು ಕೇಳುವುದೂ ಅದನ್ನೇ.